ಬಿಸಿಲು ಮಿಲ್ಲಿನ ಪೆದ್ದಮ್ಮ

ಕೊತ್ತಕುಂಟೆಯ ಹೆಂಗಸರು ರಾಗಿ ಹೊತ್ತುಕೊಂಡು ಮಿಲ್ಲಿಗೆ ಬರುವುದು ಸಂಜೆಯ ಹೊತ್ತು. ಕೂಲಿ ಮುಗಿಸಿ ಮನೆಗೆ ಬಂದು, ಕೈಕಾಲು ತೊಳೆದು, ಒಲೆ ಮುಂದೆ ಕೂತು ಹಿಟ್ಟಿನ ಡಬ್ಬಿಗೆ ಕೈ ಹಾಕಿದಾಗಲೇ ತಳ ಕಾಣುವುದು. ಆಗ ಚೀಲವೋ ಬಕೆಟ್ಟೋ ಎತ್ತಿಕೊಂಡು ಹೊರಡುತ್ತಾರೆ. ಪೆದ್ದಮ್ಮನ ಮಿಲ್ಲಿನ ಕಲ್ಲು ಸೋತು ನಿಲ್ಲುವುದೂ ಅದೇ ಹೊತ್ತಿಗೆ. ಅದು ಬಿಸಿಲಿನಿಂದ ಓಡುವ ಮಿಲ್ಲು. ಕೋಣೆಯ ತಾರಸಿ ಮೇಲೆ ಸೋಲಾರ್ ಪ್ಯಾನೆಲ್ಲುಗಳಿವೆ, ಬ್ಯಾಟರಿ ಇಲ್ಲ. ಬಿಸಿಲು ಬಲಿತ ಮೇಲೆ ಮೋಟಾರು ಎದ್ದುಕೊಳ್ಳುತ್ತದೆ, ಹೊತ್ತಿಳಿದಂತೆ ಮಲಗುತ್ತದೆ.

ಮೊದಲ ವರ್ಷವಿಡೀ ಪೆದ್ದಮ್ಮ ದಿನಾ ಸಂಜೆ ಬಾಗಿಲಲ್ಲಿ ಕೂತು ಹೇಳಿದ್ದು ಒಂದೇ ಮಾತು. ಇವತ್ತಿಗೆ ಆಯಿತು, ನಾಳೆ ಬಿಸಿಲೇರಿದ ಮೇಲೆ ಬನ್ನಿ. ಬಂದವರು ಒಳಗೆ ಇಣುಕಿ, ನಿಂತ ಬೆಲ್ಟನ್ನು ನೋಡಿ ಗೊಣಗಿಕೊಂಡು ಹೋಗುತ್ತಿದ್ದರು. ಕೆಲವರು ಆಕಾಶ ತೋರಿಸಿ ಇನ್ನೂ ಬೆಳಕಿದೆಯಲ್ಲ ಎನ್ನುತ್ತಿದ್ದರು. ಬೆಳಕು ಬೇರೆ, ಮೋಟಾರು ತಿರುಗಿಸುವ ಬಿಸಿಲು ಬೇರೆ ಎಂದು ಆಕೆ ವಿವರಿಸಬೇಕಿತ್ತು. ವಿವರಿಸಿ ವಿವರಿಸಿ ಬಾಯಿ ನೊಂದು, ಕೊನೆಕೊನೆಗೆ ಸುಮ್ಮನೆ ತಲೆಯಾಡಿಸಿ ಬಿಡುತ್ತಿದ್ದಳು.

ಪೆದ್ದಮ್ಮ ಹುಟ್ಟಿದ್ದು ಗಡಿಯಾಚೆ, ಮಡಕಶಿರಾ ಕಡೆಯ ಒಂದು ಹಳ್ಳಿಯಲ್ಲಿ. ಮನೆಮಾತು ತೆಲುಗು. ಪಾವಗಡ ತಾಲ್ಲೂಕಿನ ಕೊತ್ತಕುಂಟೆಗೆ ಸಣ್ಣರಂಗಯ್ಯನನ್ನು ಮದುವೆಯಾಗಿ ಬಂದ ಮೇಲೆ ಕನ್ನಡ ತಾನಾಗಿ ಬಾಯಿಗೆ ಹತ್ತಿತು. ಇವರದು ಊರಿನ ತುದಿಯ ಕಾಲೋನಿ, ದಲಿತರ ಕೇರಿ. ಸಣ್ಣರಂಗಯ್ಯ ಊರೊಳಗಿನ ನಂದೀಶ್ವರಯ್ಯನವರ ಹಿಟ್ಟಿನ ಮಿಲ್ಲಿನಲ್ಲಿ ಆಯಿಲ್ ಎಂಜಿನ್ ನೋಡಿಕೊಳ್ಳುತ್ತಿದ್ದ. ಎಂಜಿನ್ ಶುರು ಮಾಡುವುದು, ಡೀಸೆಲ್ ಹಾಕುವುದು, ಸವೆದ ಕಲ್ಲನ್ನು ಇಳಿಸಿ ಉಳಿಯಿಂದ ಕುಟ್ಟಿ ಹರಿತ ಮಾಡುವುದು, ಎಲ್ಲ ಅವನದೇ. ಪೆದ್ದಮ್ಮ ಸಂಜೆ ಹೋಗಿ ನೆಲ ಗುಡಿಸಿ ಬರುತ್ತಿದ್ದಳು. ಆದರೆ ಯಾರ ರಾಗಿಯನ್ನೂ ಗಂಡ ಹೆಂಡತಿ ಮುಟ್ಟಿದವರಲ್ಲ. ತಂದವರೇ ಮಿಷನ್ನಿನ ಬಾಯಿಗೆ ಸುರಿಯಬೇಕು, ತಂದವರೇ ಕೆಳಗೆ ಪಾತ್ರೆ ಹಿಡಿದು ಹಿಟ್ಟು ತುಂಬಿಸಿಕೊಳ್ಳಬೇಕು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ. ನಡೆದುಕೊಂಡು ಬಂದಿತ್ತು.

ಆ ಎಂಜಿನ್ನಿನ ಸದ್ದಿಗೆ ಸಣ್ಣರಂಗಯ್ಯನ ಕಿವಿ ಮೆಲ್ಲಮೆಲ್ಲಗೆ ಮಂದವಾಯಿತು. ಡೀಸೆಲ್ ದುಬಾರಿಯಾಗಿ, ನಂದೀಶ್ವರಯ್ಯನವರು ತೀರಿಕೊಂಡು, ಮಿಲ್ಲು ಬಾಗಿಲು ಹಾಕಿತು. ಎಂಜಿನ್ನನ್ನು ಗುಜರಿಯವರು ಬಂದು ಬಿಚ್ಚಿಕೊಂಡು ಹೋದರು. ಆಮೇಲೆ ಊರಿನವರು ಪಕ್ಕದೂರಿನ ಕರೆಂಟು ಮಿಲ್ಲಿಗೆ ಟಿವಿಎಸ್ ಮೇಲೆ ಚೀಲ ಇಟ್ಟುಕೊಂಡು ಹೋಗತೊಡಗಿದರು. ಗಾಡಿ ಇಲ್ಲದ ಹೆಂಗಸರು ತಲೆ ಮೇಲೆ ಹೊತ್ತು ನಡೆದರು. ಸಣ್ಣರಂಗಯ್ಯ ಕುರಿ ಕಾಯಲು ಹೋದ, ಪೆದ್ದಮ್ಮ ಕಡ್ಲೆಕಾಯಿ ಹೊಲಗಳಿಗೆ ಕಳೆ ಕೀಳಲು ಹೋದಳು. ಒಬ್ಬಳೇ ಮಗಳು ಶ್ರೀಲತಾ ಓದಿ, ಶಿರಾದಲ್ಲಿ ಶಾಲೆಯೊಂದಕ್ಕೆ ಟೀಚರಾದಳು.

ಅಷ್ಟರಲ್ಲಿ ಊರಿನ ಪಡುವಲಿಗೆ ಸೋಲಾರ್ ಪಾರ್ಕು ಬಂದಿತ್ತು. ಗುಡ್ಡದ ಬುಡದವರೆಗೆ ಕಣ್ಣು ಹಾಯಿಸಿದಷ್ಟೂ ಕಪ್ಪು ಹಲಗೆಗಳು, ಸುತ್ತ ತಂತಿಬೇಲಿ. ಅಲ್ಲಿಂದ ಹೊರಟ ದಪ್ಪ ತಂತಿಗಳು ಊರ ಮೇಲೆಯೇ ಹಾದು ಎಲ್ಲಿಗೋ ಹೋಗುತ್ತಿದ್ದವು. ಕೆಳಗೆ ಕೊತ್ತಕುಂಟೆಯಲ್ಲಿ ಕರೆಂಟು ಮಾತ್ರ ಮೊದಲಿನ ಹಾಗೆಯೇ ಬಂದು ಹೋಗಿ ಮಾಡುತ್ತಿತ್ತು. ಅದಕ್ಕೂ ಮುಂಚೆ ಪಂಚಾಯಿತಿಯವರು ಬೀದಿಗೆ ಸೋಲಾರ್ ದೀಪ ಹಾಕಿಸಿದ್ದರು. ಒಂದು ಮಳೆಗಾಲ ಉರಿದು, ಬ್ಯಾಟರಿ ಕಳುವಾಗಿ, ಕಂಬಗಳಷ್ಟೇ ಉಳಿದವು. ಆದ್ದರಿಂದ ಸೋಲಾರ್ ಎಂದರೆ ಊರಿನವರ ಮನಸ್ಸಿನಲ್ಲಿ ಒಂದೋ ಬೇಲಿಯೊಳಗಿನದು, ಇಲ್ಲಾ ಕೆಟ್ಟು ನಿಂತದ್ದು.

ಕೊರೋನಾ ಕಳೆದ ಮೇಲೆ ತುಮಕೂರಿನ ಸಂಸ್ಥೆಯೊಂದರಿಂದ ರೇಣುಕಪ್ರಸಾದ್ ಎಂಬುವವನು ಬೈಕಿನಲ್ಲಿ ಬಂದ. ಕೊರಟಗೆರೆ ತಾಲ್ಲೂಕಿನವನು, ಗೊರವನಹಳ್ಳಿ ಹತ್ತಿರದ ಊರು. ಸ್ತ್ರೀಶಕ್ತಿ ಸಂಘಗಳಿಗೆ ಬಿಸಿಲಿನಿಂದ ಓಡುವ ಸಣ್ಣ ಮಿಲ್ಲು ಹಾಕಿಕೊಡುವುದು ಅವನ ಕೆಲಸ. ಊರೊಳಗಿನ ಸಂಘದವರು ಒಬ್ಬರ ಮುಖ ಒಬ್ಬರು ನೋಡಿದರು. ಕೆಟ್ಟರೆ ಯಾರು ನೋಡಿಕೊಳ್ಳುವುದು, ಯಾರ ಮನೆ ಮುಂದೆ ಹಾಕುವುದು ಎಂದು ಮಾತಾಡಿ ಎದ್ದರು. ಸಂಘಕ್ಕೆ ಹಿರಿಯಳು ಸಿದ್ದಗಂಗಮ್ಮ. ಒಳ್ಳೆಯ ಹೆಂಗಸು, ಶ್ರೀಲತಾ ಹೈಸ್ಕೂಲಿಗೆ ಹೋಗುವಾಗ ತನ್ನ ಮಕ್ಕಳ ಪುಸ್ತಕಗಳನ್ನು ಅವಳಿಗೆ ಕೊಟ್ಟಿದ್ದಳು. ಆಕೆಯೂ ನಮಗ್ಯಾಕೆ ಈ ತಾಪತ್ರಯ ಎಂದುಬಿಟ್ಟಳು. ಕೊನೆಗೆ ಕಾಲೋನಿ ಸಂಘದ ಪೆದ್ದಮ್ಮ ತಾನು ಇಟ್ಟುಕೊಳ್ಳುತ್ತೇನೆಂದಳು. ಮಿಲ್ಲಿನ ಸದ್ದು ಕೇಳಿ ಬಾಳಿದವಳು, ಅದಿಲ್ಲದ ಊರು ಆಕೆಗೆ ಬಿಕೋ ಎನ್ನಿಸುತ್ತಿತ್ತು. ಊರಿಗೂ ಕಾಲೋನಿಗೂ ನಡುವೆ, ರಸ್ತೆ ಬದಿಯಲ್ಲಿ, ಖಾಲಿ ಬಿದ್ದಿದ್ದ ಹಳೇ ಹಾಲಿನ ಡೈರಿಯ ಕೋಣೆ ಸಿಕ್ಕಿತು.

ರೇಣುಕಪ್ರಸಾದ್ ಮುಚ್ಚುಮರೆಯ ಮನುಷ್ಯನಲ್ಲ. ಮೊದಲೇ ಹೇಳಿದ್ದ, ಇದು ರಾತ್ರಿ ಓಡುವುದಿಲ್ಲ, ಮೋಡದ ದಿನ ಕುಂಟುತ್ತದೆ, ಜನ ತಮ್ಮ ಹೊತ್ತು ಬದಲಾಯಿಸಿಕೊಳ್ಳಬೇಕು. ಬ್ಯಾಟರಿ ಇಟ್ಟರೆ ನಾಲ್ಕು ವರ್ಷಕ್ಕೆ ಅದು ಸಾಯುತ್ತದೆ, ಅದರ ಜೊತೆ ಮಿಲ್ಲೂ ಸಾಯುತ್ತದೆ ಎಂದೂ ಹೇಳಿದ್ದ. ಮಧುಗಿರಿಯಲ್ಲಿ ತರಬೇತಿ ಕೊಡಿಸಿದ. ಅಲ್ಲಿಗೆ ಬಂದಿದ್ದ ಬೇರೆ ತಾಲ್ಲೂಕಿನ ಹೆಂಗಸೊಬ್ಬಳು ಎದ್ದು, ಜನ ಸಂಜೆಗೇ ಬಂದರೆ ಏನು ಮಾಡುವುದು ಎಂದು ಕೇಳಿದಳು. ಒಪ್ಪಿಸಬೇಕು ಎಂದರು ಹೇಳಿಕೊಡುವವರು. ಎಲ್ಲರೂ ಅದನ್ನು ಬರೆದುಕೊಂಡರು. ಪೆದ್ದಮ್ಮನಿಗೆ ಬರೆಯಲು ಬರುತ್ತಿರಲಿಲ್ಲ. ಆಕೆ ಕಿಟಕಿಯಿಂದ ಕಾಣುವ ಬೆಟ್ಟ ನೋಡಿಕೊಂಡು ಕೂತಿದ್ದಳು.

ಮೊದಲ ತಿಂಗಳು ಜನ ಕುತೂಹಲಕ್ಕೆ ಬಂದರು. ಹಿಟ್ಟು ಬಿಸಿಯಾಗದೆ ಬೀಳುತ್ತಿತ್ತು, ರೊಟ್ಟಿಗೆ ಚೆನ್ನಾಗಿದೆ ಎಂದರು. ಮಿಷನ್ ಹಗುರ, ಸದ್ದು ಕಮ್ಮಿ. ಸಣ್ಣರಂಗಯ್ಯನಿಗೆ ಆ ಸದ್ದು ಕೇಳುತ್ತಲೇ ಇರಲಿಲ್ಲ, ಕಲ್ಲಿನ ಚೌಕಟ್ಟಿನ ಮೇಲೆ ಅಂಗೈ ಇಟ್ಟು ಓಡುತ್ತಿದೆಯೋ ಇಲ್ಲವೋ ತಿಳಿದುಕೊಳ್ಳುತ್ತಿದ್ದ. ಹಗಲು ಮನೆಯಲ್ಲಿರುವ ಮುದುಕಿಯರು, ಕೆಲಸವಿಲ್ಲದ ದಿನ ಉಳಿದ ಹೆಂಗಸರು ಬಂದು ತಾವೇ ಸುರಿದುಕೊಂಡು, ತಾವೇ ತುಂಬಿಸಿಕೊಂಡು ಹೋಗುತ್ತಿದ್ದರು. ಆದರೆ ದುಡಿಯುವ ಹೆಂಗಸರಿಗೆ ಬಿಡುವು ಸಿಗುವುದು ಬಿಸಿಲು ಹೋದ ಮೇಲೆ. ಅದರಲ್ಲೂ ಸೋಲಾರ್ ಪಾರ್ಕಿನಲ್ಲೇ ಹುಲ್ಲು ಕೊಯ್ಯುವ, ಪ್ಯಾನೆಲ್ ತೊಳೆಯುವ ಕೂಲಿಗೆ ಹೋಗುವವರನ್ನು ವ್ಯಾನು ಬೆಳಿಗ್ಗೆ ಬೇಗ ಬಂದು ತುಂಬಿಕೊಂಡು ಹೋಗುತ್ತಿತ್ತು. ದಿನವೆಲ್ಲ ಬಿಸಿಲಿನಲ್ಲೇ ನಿಂತು ದುಡಿಯುವ ಅವರಿಗೆ ಈ ಬಿಸಿಲು ಮಿಲ್ಲು ಒಂದು ದಿನವೂ ದಕ್ಕಲಿಲ್ಲ.

ಅಂಥವರಲ್ಲಿ ಗೊಲ್ಲರಹಟ್ಟಿಯ ಕರಿಯಕ್ಕ ಒಬ್ಬಳು. ಮೊದಲು ಮೇಕೆ ಕುರಿಗಳ ದೊಡ್ಡ ಹಿಂಡು ಇತ್ತು. ಮೇಯುವ ಬಯಲು ಬೇಲಿಯೊಳಗೆ ಸೇರಿದ ಮೇಲೆ ಹಿಂಡು ಕರಗಿ ಕರಗಿ, ಈಗ ಅದೇ ಬಯಲಿನ ಹುಲ್ಲನ್ನು ಕೂಲಿಗೆ ಕೊಯ್ಯುತ್ತಿದ್ದಳು. ಪೆದ್ದಮ್ಮನಿಗೂ ಅವಳಿಗೂ ಕಡ್ಲೆಕಾಯಿ ಹೊಲದಲ್ಲಿ ಒಂದೇ ಸಾಲಿನಲ್ಲಿ ಕೂತು ಕಳೆ ಕಿತ್ತ ಪರಿಚಯ.

ಹೊತ್ತು ಬದಲಾಯಿಸಿಕೊಳ್ಳಿ ಎಂದರೆ ಜನ ಯಾವ ಹೊತ್ತಿಗೆ ಬಂದಾರು? ಪೆದ್ದಮ್ಮ ಬಹಳ ದಿನ ಯೋಚಿಸಿದಳು. ದಾರಿ ಒಂದೇ ಇತ್ತು. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ರಾಗಿ ಬಿಟ್ಟು ಹೋಗಲಿ, ಹಗಲು ಬೀಸಿಟ್ಟಿರುತ್ತೇನೆ, ಸಂಜೆ ಬಂದು ಹಿಟ್ಟು ತಗೊಂಡು ಹೋಗಲಿ. ಹಾಗೆಂದು ಮನೆಮನೆಗೆ ಹೋಗಿ ಹೇಳಿ ಬಂದಳು. ಎಲ್ಲರೂ ಕೇಳಿಸಿಕೊಂಡರು. ಆಗಲಿ ನೋಡೋಣ ಎಂದರು. ಕಾಲೋನಿಯ ಹೊರಗಿನವರು ಒಬ್ಬರೂ ಬಿಡಲಿಲ್ಲ.

ಸಿದ್ದಗಂಗಮ್ಮನ ಮನೆ ಜಗಲಿಯ ಕೆಳಗೆ ನಿಂತು ಕೇಳಿದಾಗ ಆಕೆ ಮೆತ್ತಗೆ ಹೇಳಿದಳು. "ನಾವು ನಿಂತೇ ಹಾಕಿಸ್ಕಂಡ್ ಬಂದಿರೋರು ಕಣಮ್ಮ. ಬುಟ್ಟೋಗಿ ಅಭ್ಯಾಸ ಇಲ್ಲ."

ಪೆದ್ದಮ್ಮನಿಗೆ ಅಷ್ಟು ಸಾಕಾಯಿತು. ನಿಂತು ಹಾಕಿಸಿಕೊಂಡರೆ ಕಾಳು ಅವರ ಕೈಯಿಂದಲೇ ಮಿಷನ್ನಿಗೆ ಬೀಳುತ್ತದೆ. ಬಿಟ್ಟು ಹೋದರೆ ನಡುವೆ ಇವಳ ಕೈ ಬರುತ್ತದೆ. ಮಿಲ್ಲಿಗೆ ಬಂದು ಬೀಸಿಸಿಕೊಳ್ಳಲು ಅಡ್ಡಿಯಿಲ್ಲದವರಿಗೆ ಅಷ್ಟು ಮಾತ್ರ ಅಡ್ಡಿಯಾಗಿತ್ತು. ಆಕೆ ತಿರುಗಿ ಬಂದು ನೆಲ ಗುಡಿಸಿದಳು, ಮಿಷನ್ ಒರೆಸಿದಳು, ಏಣಿ ಹಾಕಿ ತಾರಸಿ ಹತ್ತಿ ಪ್ಯಾನೆಲ್ಲಿನ ಮೇಲಿನ ಕೆಂಪು ಧೂಳು ತೊಳೆದಳು. ದಿನವೂ ಮಾಡುವ ಕೆಲಸವೇ. ಆದರೆ ಅವತ್ತು ಏಣಿಯ ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ತಗೊಳ್ಳಬೇಕಾಯಿತು.

ಆಷಾಢದಲ್ಲಿ ಹನಿ ಉದುರಿಸದ ಮೋಡಗಳು ಗಾಳಿಗೆ ಬಂದು ಕವಿದುಕೊಂಡವು. ಒಂದು ವಾರ ಕಲ್ಲು ತಿರುಗಿದ್ದು ಅಷ್ಟಕ್ಕಷ್ಟೇ. ಹಗಲು ಬರುತ್ತಿದ್ದ ಮುದುಕಿಯರೂ ಬರುವುದನ್ನು ಬಿಟ್ಟರು. ಮಿಲ್ಲು ಸರಿಯಾಗಿ ನಡೆಯುತ್ತಿಲ್ಲವೆಂಬ ಸುದ್ದಿ ತುಮಕೂರಿಗೆ ಮುಟ್ಟಿ, ರೇಣುಕಪ್ರಸಾದ್ ಬಂದು ಶಾಲೆಯ ಜಗಲಿಯಲ್ಲಿ ಮೀಟಿಂಗ್ ಕರೆದ. ತೊಂದರೆ ಏನು, ಬಿಚ್ಚಿ ಹೇಳಿ ಎಂದ. ಒಬ್ಬಳು ಮೋಡ ಎಂದಳು. ಇನ್ನೊಬ್ಬಳು ಕಲ್ಲು ಸಣ್ಣದಾಯಿತು ಎಂದಳು. ಬ್ಯಾಟರಿ ಕೊಟ್ಟುಬಿಟ್ಟಿದ್ದರೆ ಸರಿಯಿತ್ತು ಎಂದರು ಗಂಡಸರು. ಸೋಲಾರ್ ನಮ್ಮಂಥ ಊರಿಗೆ ಒಗ್ಗುವುದಿಲ್ಲ ಎಂದು ಕಟ್ಟೆಯ ಮೇಲಿದ್ದ ಯಾರೋ ಹೇಳಿ, ಅದೇ ಮಾತು ಎಲ್ಲರ ಬಾಯಲ್ಲೂ ನಿಂತಿತು. ಪೆದ್ದಮ್ಮ ಕೊನೆಯಲ್ಲಿ ಕಂಬಕ್ಕೆ ಒರಗಿ ಕೂತು ಕೇಳಿಸಿಕೊಂಡಳು.

ಮೀಟಿಂಗ್ ಮುಗಿದು ಬೈಕಿನವರೆಗೆ ಜೊತೆಗೆ ನಡೆಯುವಾಗ ಆಕೆ ಹೇಳಿದಳು. "ಮೋಡದ ಮಾತಲ್ಲ ಸಾರ್ ಅದು. ಬೆಳಗ್ಗೆ ಬುಟ್ಟೋದ್ರೆ ನಾನು ಮುಟ್ತೀನಲ್ಲ. ಅದುಕ್ಕೆ."

ರೇಣುಕಪ್ರಸಾದ್ ಕೀಲಿ ಕೈಯಲ್ಲೇ ಹಿಡಿದು ನಿಂತ. ಮೊದಲ ದಿನದಿಂದಲೂ ಅವಳ ಮನೆಯಲ್ಲಿ ಮುದ್ದೆ ಉಂಡು ಹೋಗುತ್ತಿದ್ದವನು. ಊರಿನವರು ಅದನ್ನೂ ಗಮನಿಸಿದ್ದರು.

"ಗೊತ್ತಮ್ಮ," ಎಂದ. "ನಮ್ಮೂರಲ್ಲೂ ಇದೇ ಕಥೆ."

ಆಮೇಲೆ ಒಂದು ಉಪಾಯ ಹೇಳಿದ. ಹೇಳುವಾಗ ನೆಲ ನೋಡುತ್ತಿದ್ದ. ಸಿದ್ದಗಂಗಮ್ಮನವರ ಸೊಸೆಯನ್ನು ಬಾಗಿಲಲ್ಲಿ ಕೂರಿಸಿದರೆ ಹೇಗೆ? ರಾಗಿ ಅವಳು ಇಸಕೊಳ್ಳುತ್ತಾಳೆ, ಅವಳೇ ಸುರಿಯುತ್ತಾಳೆ. ಪೆದ್ದಮ್ಮ ಮಿಷನ್ ನೋಡಿಕೊಂಡರೆ ಸಾಕು. ಮಿಲ್ಲು ಪೆದ್ದಮ್ಮನ ಹೆಸರಲ್ಲೇ ಇರುತ್ತದೆ.

"ಮಿಷನ್ ಓಡ್ಬೇಕಲ್ಲಮ್ಮ," ಎಂದ. "ಓಡ್ಲಿಲ್ಲ ಅಂದ್ರೆ ಎತ್ಕೊಂಡೋಗಿ ಬೇರೆ ಊರಿಗೆ ಹಾಕ್ತಾರೆ. ನನ್ನ ಕೈ ಮೀರಿದ್ದು."

ಅವನ ಮೇಲೆ ಆಕೆಗೆ ಸಿಟ್ಟು ಬರಲಿಲ್ಲ. ಅವನೂ ಬಿಸಿಲಲ್ಲಿ ತಾಲ್ಲೂಕು ತಾಲ್ಲೂಕು ಸುತ್ತಿ ಬಳಲಿದವನೇ. ನಾಳೆ ಹೇಳುತ್ತೇನೆ ಎಂದು ಮನೆಗೆ ಬಂದಳು.

ಸಣ್ಣರಂಗಯ್ಯನಿಗೆ ವಿಷಯ ತಿಳಿಸಲು ಕಿವಿಯ ಹತ್ತಿರ ಬಾಯಿಟ್ಟು ಕೂಗಬೇಕಿತ್ತು. ಇದನ್ನು ಕೂಗಿ ಹೇಳುವುದು ಹೇಗೆ? ಅಕ್ಕಪಕ್ಕದ ಮನೆಗೆಲ್ಲ ಕೇಳುತ್ತದೆ. ಆಕೆ ಅವನನ್ನು ಮಿಲ್ಲಿನ ಕೋಣೆಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ ಹೇಳಿದಳು. ಅವನು ಕೇಳಿಸಿಕೊಂಡು, ಕಲ್ಲಿನ ಮೇಲಿನ ಹಿಟ್ಟನ್ನು ಬೆರಳಿನಿಂದ ಸವರುತ್ತಾ "ಪೋನೀ ಲೇ" ಎಂದ. ಅವಳ ತೆಲುಗಿನಲ್ಲೇ, ಹೋಗಲಿ ಬಿಡು ಎಂದು. ನಾನು ಅಷ್ಟು ವರ್ಷ ಹಾಗೇ ಇರಲಿಲ್ಲವೇ ಎಂದ. ಮಗಳೂ ಫೋನಿನಲ್ಲಿ ಹೇಳಿದಳು. ಅದನ್ನೆಲ್ಲ ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀಯಮ್ಮ, ಬಿಟ್ಟು ಶಿರಾಕ್ಕೆ ಬಂದುಬಿಡಿ, ಇಬ್ಬರೂ ಇಲ್ಲಿರಿ. ಇಬ್ಬರ ಮಾತಿನಲ್ಲೂ ತಪ್ಪೇನಿಲ್ಲ. ಪೆದ್ದಮ್ಮನಿಗೆ ನಿಜಕ್ಕೂ ಸಾಕಾಗಿತ್ತು. ಆದರೆ ಗಂಡ ಅಷ್ಟು ವರ್ಷ ಹಾಗಿದ್ದುದನ್ನು ಪಕ್ಕದಲ್ಲಿ ನಿಂತು ನೋಡಿದವಳು ಅವಳೇ. ಇನ್ನೊಬ್ಬರ ಮಿಲ್ಲಿನಲ್ಲಿ ಅದು ಬೇರೆ ಮಾತು. ತನ್ನ ಮಿಲ್ಲಿನಲ್ಲಿ, ತನ್ನ ಕಣ್ಣೆದುರು, ತನ್ನ ಕೈಗೆ ಬದಲಾಗಿ ಇನ್ನೊಂದು ಕೈ ಕೂರಿಸಿಕೊಳ್ಳುವುದು ಅವಳಿಂದಾಗಲಿಲ್ಲ.

ಮಾರನೇ ದಿನ ಫೋನ್ ಮಾಡಿ ಹೇಳಿದಳು. "ರಾಗಿ ಇಸ್ಕಳ್ಳಾಕೆ ಬೇರೆ ಕೈ ಬೇಕು ಅಂದ್ರೆ ಮಿಲ್ಲೂ ಆ ಕೈಗೇ ಕೊಟ್ಬುಡಿ ಸಾರ್. ನಂಗೇನೂ ಬ್ಯಾಸ್ರ ಇಲ್ಲ."

ಅವನು, ಸ್ವಲ್ಪ ದಿನ ನೋಡೋಣಮ್ಮ, ನಾನು ಆಫೀಸಿಗೆ ಏನೂ ಹೇಳುವುದಿಲ್ಲ ಎಂದ.

ಸ್ವಲ್ಪ ದಿನ ಎಂದದ್ದು ಬೇಸಿಗೆಯವರೆಗೂ ಬಂತು. ಮಿಲ್ಲು ಕಾಲೋನಿಯವರ ರಾಗಿ, ಒಂದಿಷ್ಟು ಮುದುಕಿಯರ ರಾಗಿ ಬೀಸಿಕೊಂಡು ಹೆಚ್ಚಿನ ಹೊತ್ತು ಸುಮ್ಮನೆ ನಿಂತಿರುತ್ತಿತ್ತು. ತಲೆಯ ಮೇಲೆ ಅಷ್ಟು ಬಿಸಿಲು, ಕೆಳಗೆ ಬೀಸಲು ಕಾಳಿಲ್ಲ. ಪೆದ್ದಮ್ಮ ಬಾಗಿಲಲ್ಲಿ ಕಾಲು ಚಾಚಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು.

ಬಿಸಿಲು ನೆತ್ತಿ ಸುಡುವ ತಿಂಗಳಲ್ಲಿ ಪಕ್ಕದೂರಿನ ಟಿ.ಸಿ. ಸುಟ್ಟುಹೋಯಿತು. ಟ್ರಾನ್ಸ್‌ಫಾರ್ಮರಿಗೆ ಈ ಕಡೆ ಟಿ.ಸಿ. ಎಂದೇ ಹೆಸರು. ಎರಡೂ ಊರಿಗೆ ಅದರಿಂದಲೇ ಕರೆಂಟು. ಹೊಸದು ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ಕಾದರು. ಬೋರ್‌ವೆಲ್ಲುಗಳು ನಿಂತವು, ನೀರಿಗೆ ಟ್ಯಾಂಕರ್ ಹಿಂದೆ ಓಡುವ ಹಾಗಾಯಿತು. ಕರೆಂಟು ಮಿಲ್ಲೂ ನಿಂತಿತು. ಬೀಸುವ ಕಲ್ಲು ಯಾರ ಮನೆಯಲ್ಲೂ ಉಳಿದಿರಲಿಲ್ಲ, ಉಳಿದಿದ್ದರೂ ಬೀಸುವ ತೋಳು ಉಳಿದಿರಲಿಲ್ಲ. ಅದರ ಮುಂದಿನ ಮಿಲ್ಲು ಪಾವಗಡದಲ್ಲೇ. ಬಸ್ಸಿನಲ್ಲಿ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು.

ಒಂದು ಬೆಳಿಗ್ಗೆ ಪೆದ್ದಮ್ಮ ಕೋಣೆಯ ಮುಂದೆ ನೀರು ಹಾಕುತ್ತಿದ್ದಾಗ ಕರಿಯಕ್ಕ ಬಂದು ನಿಂತಳು. ಕೈಯಲ್ಲಿ ಬಣ್ಣ ಮಾಸಿದ ಪೇಂಟಿನ ಬಕೆಟ್ಟು, ತುಂಬ ರಾಗಿ. ದೂರದಲ್ಲಿ ವ್ಯಾನಿನ ಹಾರನ್ ಕೇಳುತ್ತಿತ್ತು.

"ಬುಟ್ಟೋಯ್ತೀನಿ ಪೆದ್ದಕ್ಕ. ಸಂಜೆ ಬಂದು ತಗಂಡೋಯ್ತೀನಿ," ಎಂದಳು.

ಪೆದ್ದಮ್ಮ ಚೊಂಬು ಕೆಳಗಿಟ್ಟಳು. "ಹಟ್ಟಿಯೋರು ಏನೂ ಅನ್ನಲ್ವಾ?"

"ಹಟ್ಟಿಯೋರ ಮನೇಲೂ ಹಿಟ್ಟಿಲ್ಲ ಕಣಕ್ಕ. ಅನ್ನೋದಾದ್ರೆ ಆಮ್ಯಾಲೆ ಅಂತಾರೆ."

ಅಷ್ಟು ಹೇಳಿ ಬಕೆಟ್ಟನ್ನು ಮೆಟ್ಟಿಲ ಮೇಲಿಟ್ಟು ವ್ಯಾನಿನ ಕಡೆ ಓಡಿದಳು. ಪೆದ್ದಮ್ಮನನ್ನು ಎತ್ತಿ ಹಿಡಿಯಬೇಕೆಂದಾಗಲೀ, ಊರಿಗೆ ಬುದ್ಧಿ ಕಲಿಸಬೇಕೆಂದಾಗಲೀ ಅವಳ ಮನಸ್ಸಿನಲ್ಲಿ ಇದ್ದ ಹಾಗೆ ಕಾಣಲಿಲ್ಲ. ಮನೆಯಲ್ಲಿ ಹಿಟ್ಟಿರಲಿಲ್ಲ, ವ್ಯಾನು ಕಾಯುತ್ತಿರಲಿಲ್ಲ.

ಪೆದ್ದಮ್ಮ ಬಕೆಟ್ಟನ್ನು ಒಳಗೆ ತಂದು ಬಹಳ ಹೊತ್ತು ಅದರ ಮುಂದೆ ಕೂತಳು. ಕಾಲೋನಿಯ ಹೊರಗಿನವರ ಮನೆಯ ರಾಗಿಯನ್ನು ಮಿಲ್ಲಿನಲ್ಲಿ ಕೈಯಾರೆ ಮುಟ್ಟುತ್ತಿರುವುದು ಇದೇ ಮೊದಲು. ಸಂತೋಷವೇನೂ ಆಗಲಿಲ್ಲ. ಒಂದು ಹಿಡಿ ಚೆಲ್ಲಿದರೂ ಮಾತು ಬಂದೀತು, ಒಂದು ಹರಳು ಉಳಿದರೂ ಮಾತು ಬಂದೀತು ಎಂಬ ಭಯವಾಯಿತು. ಮೊರದಲ್ಲಿ ಹಾಕಿ ಕೇರಿದಳು, ಕಲ್ಲು ಆರಿಸಿದಳು, ಬಿಸಿಲು ಬಲಿತ ಮೇಲೆ ಬೀಸಿ, ಆರಲು ಹರವಿ, ಬಕೆಟ್ಟಿಗೆ ತುಂಬಿ ಮೇಲೆ ಬಟ್ಟೆ ಮುಚ್ಚಿಟ್ಟಳು. ಸಂಜೆ ಕರಿಯಕ್ಕ ಬಂದು ಚಿಟಿಕೆ ಹಿಟ್ಟು ಬೆರಳಲ್ಲಿ ತಿಕ್ಕಿ ನೋಡಿದಳು. ನುಣ್ಣಗಿದೆ ಎಂದು ಹೊತ್ತುಕೊಂಡು ಹೋದಳು.

ಎರಡು ಮೂರು ದಿನದಲ್ಲಿ ಮೆಟ್ಟಿಲ ಮೇಲೆ ಬಕೆಟ್ಟು, ಚೀಲ, ಅಲ್ಯೂಮಿನಿಯಂ ಡಬರಿಗಳ ಸಾಲು ಕಾಣಿಸತೊಡಗಿತು. ಕಾಲೋನಿಯವರದೂ ಇತ್ತು, ಹಟ್ಟಿಯವರದೂ ಇತ್ತು, ಊರೊಳಗಿನ ಕೂಲಿ ಹೆಂಗಸರದೂ ಇತ್ತು. ಪೆದ್ದಮ್ಮನಿಗೆ ಬಿಡುವಿಲ್ಲದ ಕೆಲಸ. ಸಣ್ಣರಂಗಯ್ಯ ಕುರಿ ಬಿಟ್ಟು ಬಂದು ಜೊತೆಗೆ ನಿಂತ. ಸಂಜೆಯಾದರೆ ಒಬ್ಬೊಬ್ಬರ ಒಂದೊಂದು ಪ್ರಶ್ನೆ. ಯಾರದಾದ ಮೇಲೆ ನನ್ನದು ಹಾಕಿದೆ ಎಂದು ಒಬ್ಬಳು ಕೇಳಿದಳು. ಬಿಸಿಲು ಬಂದಾಗ ಯಾರದು ಮುಂದಿತ್ತೋ ಅವರದು ಎಂದಳು ಪೆದ್ದಮ್ಮ. ನಡುವೆ ಕಲ್ಲು ತೊಳೆಯಬಹುದಿತ್ತು ಎಂದಳು ಇನ್ನೊಬ್ಬಳು. ಕಲ್ಲು ತೊಳೆಯಲಾಗುವುದಿಲ್ಲ, ಹಿಟ್ಟು ಅಂಟಿ ಕೆಡುತ್ತದೆ ಎಂದಷ್ಟೇ ಹೇಳಿದಳು. ಜಗಳಕ್ಕೆ ನಿಲ್ಲಲು ಅವಳಲ್ಲಿ ತ್ರಾಣವಿರಲಿಲ್ಲ.

ಕೊನೆಗೆ ಸಿದ್ದಗಂಗಮ್ಮನ ಮನೆಯ ಚೀಲವೂ ಬಂತು. ಬಾಯಿಗೆ ಹುರಿ ಬಿಗಿದಿತ್ತು. ತಂದ ಆಳು ಹೇಳಿದ, ಬಿಚ್ಚಿ ಸೀದಾ ಮಿಷನ್ನಿಗೆ ಸುರಿಯಬೇಕಂತೆ, ಕೈ ಹಾಕುವುದು ಬೇಡವಂತೆ. ಪೆದ್ದಮ್ಮ ಹುರಿ ಬಿಚ್ಚಿ ನೋಡಿದಳು. ಕಣದ ರಾಗಿ, ಹರಳು ಸೇರಿತ್ತು. ಸೀದಾ ಸುರಿದರೆ ಹಿಟ್ಟಿನಲ್ಲಿ ಮರಳು ಸಿಗುತ್ತದೆ. ಕಲ್ಲಿಗೂ ಏಟು. ಒಂದು ಗಳಿಗೆ ಸುರಿದೇಬಿಡೋಣ ಎನ್ನಿಸಿತು. ಆಮೇಲೆ ಎಲ್ಲರದನ್ನು ಮಾಡಿದ ಹಾಗೆ ಮೊರಕ್ಕೆ ಹಾಕಿ ಕೇರಿದಳು.

ಸಂಜೆ ಸಿದ್ದಗಂಗಮ್ಮ ತಾನೇ ಬಂದಳು. ಮೂಲೆಯಲ್ಲಿ ಮೊರ, ಅದರ ಪಕ್ಕ ಆರಿಸಿಟ್ಟ ಹರಳಿನ ಸಣ್ಣ ಗುಡ್ಡೆ ಕಂಡಳು.

"ಕೇರಿದ್ಯಾ?" ಎಂದಳು.

"ಕೇರ್ದೆ ಕಣಮ್ಮ. ಕಲ್ಲಿದ್ವು."

ಸಿದ್ದಗಂಗಮ್ಮ ಆಳಿನ ತಲೆಗೆ ಚೀಲ ಹೊರಿಸಿ, ಬೀಸಿದ್ದರ ದುಡ್ಡನ್ನು ಕಟ್ಟೆಯ ಮೇಲಿಟ್ಟು ಹೋದಳು. ಆ ಹಿಟ್ಟಿನಲ್ಲಿ ಮುದ್ದೆ ಕಟ್ಟಿದರೋ, ಹಸುವಿನ ಬಾನಿಗೆ ಕಲಸಿದರೋ ಪೆದ್ದಮ್ಮನಿಗೆ ಗೊತ್ತಾಗಲಿಲ್ಲ. ತಿಳಿದುಕೊಳ್ಳಲೂ ಹೋಗಲಿಲ್ಲ.

ಹೊಸ ಟಿ.ಸಿ. ಬಂತು. ಕರೆಂಟು ಮಿಲ್ಲು ಶುರುವಾಯಿತು. ಮಾರನೇ ದಿನವೇ ಮೆಟ್ಟಿಲ ಮೇಲಿನ ಸಾಲು ಅರ್ಧಕ್ಕಿಳಿಯಿತು. ಗಾಡಿ ಇದ್ದವರು, ಅನುಕೂಲಸ್ಥರು ಹಳೆಯ ದಾರಿ ಹಿಡಿದರು. ಸಿದ್ದಗಂಗಮ್ಮನ ಚೀಲ ಮತ್ತೆ ಬರಲಿಲ್ಲ. ಉಳಿದವರು ಕೂಲಿಯ ಹೆಂಗಸರು. ಬೆಳಿಗ್ಗೆ ಬಿಟ್ಟು ಸಂಜೆ ಒಯ್ಯುವುದು ಅವರಿಗೆ ಹಗುರವಾಗಿ ಕಂಡಿತ್ತು. ಮಿಲ್ಲಿನ ಮುಂದೆ ಕಾಯುವುದೂ ತಪ್ಪಿತ್ತು, ಮನೆಯಲ್ಲಿ ಕೇರುವ ಕೆಲಸವೂ ತಪ್ಪಿತ್ತು. ಗೊಲ್ಲರಹಟ್ಟಿಯಲ್ಲಿ ದೇವರ ಎಡೆಗೆ ಹಿಟ್ಟು ಕೂಡಿಸುವಾಗ ಕರಿಯಕ್ಕನ ಮನೆಯದು ಬೇಡವೆಂದರಂತೆ. ಅದನ್ನು ಅವಳೇ ಬಂದು ಹೇಳಿದಳು. ಪೆದ್ದಮ್ಮನಿಗೆ ಸಂಕಟವಾಗಿ, ಇನ್ನು ಬಿಡಬೇಡ ತಾಯಿ, ನಿನಗ್ಯಾಕೆ ಎಂದಳು. ಕರಿಯಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಬಕೆಟ್ಟನ್ನು ಮೆಟ್ಟಿಲ ಮೇಲೆ ಇಟ್ಟೇ ಹೋದಳು.

ರೇಣುಕಪ್ರಸಾದ್‌ಗೆ ಅಷ್ಟಾದರೂ ಓಡುತ್ತಿರುವುದು ಸಮಾಧಾನ. ಅವನ ಬೇರೆ ಮಿಲ್ಲುಗಳಲ್ಲಿ ಕೆಲವು ಆಗಲೇ ಬಾಗಿಲು ಹಾಕಿದ್ದವು. ಚಳಿಗಾಲದಲ್ಲಿ ಶಿರಾ ತಾಲ್ಲೂಕಿನ ಹುಲಿಕುಂಟೆ ಕಡೆಯ ಸಂಘವೊಂದರ ಹೆಂಗಸರನ್ನು ವ್ಯಾನಿನಲ್ಲಿ ಕರೆತಂದ. ಅವರಿಗೂ ಇಂಥದೇ ಮಿಲ್ಲು ಬರುವುದಿತ್ತು. ಜನ ಹೇಗೆ ತಯಾರಾದರು ಎಂದು ನಾಲ್ಕು ಮಾತು ಹೇಳಿ ಅಮ್ಮ ಎಂದು ಪೆದ್ದಮ್ಮನನ್ನು ಮುಂದೆ ನಿಲ್ಲಿಸಿದ. ಆಕೆ, ಪ್ಯಾನೆಲ್ ದಿನಾ ತೊಳೆಯಬೇಕು, ಮೋಡವಿದ್ದಾಗ ಕಲ್ಲನ್ನು ಸಡಿಲ ಬಿಡಬೇಕು, ರಾಗಿ ಚೆನ್ನಾಗಿ ಒಣಗಿರಬೇಕು ಎಂದಳು. ಹೆಂಗಸರು ತಲೆದೂಗಿದರು. ತಾರಸಿ ಹತ್ತಿ ನೋಡಿದರು, ಮೋಟಾರಿನ ಫೋಟೋ ತೆಗೆದುಕೊಂಡರು, ಬ್ಯಾಟರಿ ಯಾಕಿಲ್ಲ ಎಂದು ಕೇಳಿದರು.

ಎಲ್ಲರೂ ಟೀ ಕುಡಿಯಲು ಹೊರಗೆ ಹೋದಾಗ ಅವರಲ್ಲೊಬ್ಬಳು ಹಿಂದೆ ಉಳಿದಳು. ಪೆದ್ದಮ್ಮನಿಗಿಂತ ಬಹಳ ಚಿಕ್ಕವಳು. ಮಿಲ್ಲು ನಡೆಸಬೇಕಾದವಳು ಅವಳೇ ಅಂತೆ. ಮಾತಿನ ನಡುವೆ ತಾನು ಯಾವ ಕೇರಿಯವಳೆಂದು ಹೇಳಿಕೊಂಡಳು. ಪೆದ್ದಮ್ಮನ ಕೇರಿಯಂಥದೇ. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ಅಕ್ಕ, ಕಾಳು ಬುಟ್ಟೋಯ್ತಾರಾ ನಿನ್ ಹತ್ರ?"

ಪೆದ್ದಮ್ಮ ಅವಳ ಮುಖ ನೋಡಿದಳು. ಮಧುಗಿರಿಯಲ್ಲಿ ಹೇಳಿಕೊಟ್ಟಂತೆ ಒಪ್ಪಿಸಬೇಕು ಎಂದು ಹೇಳಿ ಕಳಿಸಬಹುದಿತ್ತು.

"ಕೆಲವ್ರು ಬುಡ್ತಾರೆ, ಕೆಲವ್ರು ಬುಡಲ್ಲ ಕಣಮ್ಮ," ಎಂದಳು. "ಇವತ್ತು ಬುಟ್ಟೋರು ನಾಳೆ ಬುಡ್ತಾರೆ ಅಂತ ಇಲ್ಲ. ಒಳ್ಳೆ ಮೊರ ಒಂದು ಇಟ್ಕೊ. ಯಾರ್ದೇ ಬರ್ಲಿ, ಕೇರಿ ಹಾಕು. ಕೇಳುದ್ರೆ ಕೇರ್ದೆ ಅಂತಾನೇ ಹೇಳು, ಸುಳ್ಳೇಳಬ್ಯಾಡ."

"ಬರ್ಲೇ ಇಲ್ಲ ಅಂದ್ರೆ?"

ಪೆದ್ದಮ್ಮ ಆ ಹುಡುಗಿಯ ಭುಜದ ಮೇಲೆ ಕೂತ ಹಿಟ್ಟಿನ ಧೂಳನ್ನು ಕೊಡವಿ, ಟೀ ಆರುತ್ತದೆ ಹೋಗು ಎಂದಳು. ಹೊರಗೆ ಬಿಸಿಲು ಇನ್ನೂ ಇತ್ತು. ಮೆಟ್ಟಿಲ ಮೇಲೆ ಬೀಸುವುದು ಬಾಕಿಯಿದ್ದ ಡಬರಿಗಳು ಕಂಡವು. ಆಕೆ ಸೊಂಟಕ್ಕೆ ಕೈ ಕೊಟ್ಟು ಎದ್ದು, ಮುಂದಿನದನ್ನು ಒಳಗೆ ತಂದಳು.